ಮರಳಿನ ನಿಯಮ ಕಂಡ ಹೆನ್ರಿ ಡಾರ್ಸಿ

ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳನ್ನು ತೋಡಿ, ಕೊಡವನ್ನು ಪಕ್ಕದಲ್ಲಿಟ್ಟುಕೊಂಡು, ಒರತೆಯ ನೀರಿಗಾಗಿ ಕಾದವರು ನಮ್ಮಲ್ಲಿ ಅನೇಕರಿದ್ದಾರೆ. ಆ ನೀರು ಅಷ್ಟು ನಿಧಾನವಾಗಿ ಏಕೆ ಜಿನುಗುತ್ತದೆಂದು ನಾವು ಯೋಚಿಸಿದವರಲ್ಲ. ಯೋಚಿಸಿ, ಅಳೆದು, ಅದಕ್ಕೊಂದು ನಿಯಮವನ್ನು ಕಂಡುಹಿಡಿದವನು ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದರೂ ಈ ಎಂಜಿನಿಯರನ ಜೀವನವು ನನ್ನ ಮನಸ್ಸನ್ನು ಬಹುವಾಗಿ ಸೆಳೆದುದರಿಂದ ಅದನ್ನು ವಾಚಕ ಮಿತ್ರರ ಮುಂದಿಡುತ್ತಿದ್ದೇನೆ.

ಡಾರ್ಸಿಯು 1803ನೆಯ ಇಸವಿ ಜೂನ್ 10ರಂದು ಡಿಜೋನ್ ನಗರದಲ್ಲಿ ಜನಿಸಿದನು. 14ನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಆದರೆ ತಾಯಿಯು ಎದೆಗುಂದಲಿಲ್ಲ. ಸಾಲ ಮಾಡಿ ಮಕ್ಕಳಿಬ್ಬರಿಗೂ ಪಾಠ ಹೇಳಿಸಿದಳು. ನಗರದ ಅಧಿಕಾರಿಗಳೊಡನೆ ಹೋರಾಡಿ ಮಗನಿಗೆ ವಿದ್ಯಾರ್ಥಿವೇತನವನ್ನು ದೊರಕಿಸಿದಳು. ಆಕೆಯ ಶ್ರಮ ವ್ಯರ್ಥವಾಗಲಿಲ್ಲ. ಮಗನು 1821ರಲ್ಲಿ ಪ್ಯಾರಿಸ್ಸಿನ ಪಾಲಿಟೆಕ್ನಿಕ್ ವಿದ್ಯಾಲಯವನ್ನೂ, 1823ರಲ್ಲಿ ಸೇತುವೆ ಮತ್ತು ರಸ್ತೆಗಳ ವಿದ್ಯಾಲಯವನ್ನೂ ಸೇರಿ, ಸರ್ಕಾರದ ಎಂಜಿನಿಯರನಾಗಿ ಮುಂದೆ ಹುಟ್ಟೂರಿಗೇ ಬಂದನು.

ಆಗ ಡಿಜೋನಿನಲ್ಲಿ ಒಳ್ಳೆಯ ಕುಡಿಯುವ ನೀರೇ ಇರಲಿಲ್ಲ. ಡಾರ್ಸಿಯು ರೋಜ್ವಾರ್ ಎಂಬ ಬುಗ್ಗೆಯನ್ನು ಆರಿಸಿ, ಅಲ್ಲಿಂದ ಸುಮಾರು 12 ಕಿಲೋಮೀಟರು ಉದ್ದದ ಮುಚ್ಚಿದ ಕಾಲುವೆಯನ್ನು ಕಟ್ಟಿಸಿದನು. ಯಂತ್ರದ ಸಹಾಯವಿಲ್ಲದೆ, ಇಳಿಜಾರನ್ನೇ ನಂಬಿ ಹರಿದ ಆ ನೀರು 1840ರಲ್ಲಿ ಊರನ್ನು ಮುಟ್ಟಿತು. ಈ ಮಹಾಕಾರ್ಯಕ್ಕೆ ತನಗೆ ಸಲ್ಲಬೇಕಾಗಿದ್ದ ದೊಡ್ಡ ಮೊತ್ತವನ್ನು ಆತನು ಮುಟ್ಟಲಿಲ್ಲ. ಊರವರು ಕೊಟ್ಟ ಚಿನ್ನದ ಪದಕವನ್ನೂ, ಬದುಕಿರುವವರೆಗೆ ಮನೆಗೆ ಉಚಿತ ನೀರನ್ನೂ ಮಾತ್ರ ಸ್ವೀಕರಿಸಿದನು.

1848ರ ಕ್ರಾಂತಿಯ ಕಾಲದಲ್ಲಿ ರಾಜಕೀಯ ಕಾರಣಗಳಿಂದ ಡಾರ್ಸಿಯು ಊರನ್ನು ಬಿಡಬೇಕಾಯಿತು. ಪ್ಯಾರಿಸ್ಸಿನಲ್ಲಿ ದೊಡ್ಡ ಹುದ್ದೆ ದೊರೆಯಿತಾದರೂ ಆರೋಗ್ಯ ಕೆಟ್ಟಿತು. 1855ರಲ್ಲಿ ಹುದ್ದೆಯ ಹೊರೆಯನ್ನಿಳಿಸಿ ಮತ್ತೆ ಡಿಜೋನಿಗೆ ಬಂದನು. ಬೇರೆಯವರಾಗಿದ್ದರೆ ವಿಶ್ರಾಂತಿ ಪಡೆಯುತ್ತಿದ್ದರು. ಈತನಾದರೋ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕಬ್ಬಿಣದ ಕೊಳವೆಯನ್ನು ನಿಲ್ಲಿಸಿ, ಅದರಲ್ಲಿ ಮರಳು ತುಂಬಿ, ಮೇಲಿನಿಂದ ನೀರನ್ನು ಬಿಟ್ಟು ಅಳೆಯತೊಡಗಿದನು. ನೀರಿನ ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಮರಳಿನ ಪದರ ದಪ್ಪವಾದಷ್ಟೂ ಹರಿವು ತಗ್ಗುತ್ತದೆ. ಇದೇ ಡಾರ್ಸಿಯ ನಿಯಮದ ಸಾರ. 1856ರಲ್ಲಿ, ಡಿಜೋನಿನ ನೀರಿನ ವ್ಯವಸ್ಥೆಯನ್ನು ಕುರಿತು ಬರೆದ ಬೃಹದ್ಗ್ರಂಥದ ಅನುಬಂಧದಲ್ಲಿ ಇದನ್ನು ಪ್ರಕಟಿಸಿದನು. 1858ರ ಜನವರಿ 3ರಂದು ತೀರಿಕೊಂಡನು. ಊರವರು ಅವನ ದೇಹವನ್ನು ತಮ್ಮಲ್ಲಿಗೆ ತಂದು ಮಣ್ಣುಮಾಡಿದರು. ಊರಿನ ಚೌಕವೊಂದಕ್ಕೆ ಅವನ ಹೆಸರನ್ನಿಟ್ಟರು.

ಆದರೆ ಆತನ ನಿಯಮವು ನೀರಿಗಷ್ಟೇ ನಿಲ್ಲಲಿಲ್ಲ. ಮುಂದಿನ ವಿದ್ವಾಂಸರು ಅದಕ್ಕೆ ದ್ರವದ ಸ್ನಿಗ್ಧತೆ, ಎಂದರೆ ಅಂಟುತನದ ಲೆಕ್ಕವನ್ನೂ ಸೇರಿಸಿದರು. ಅದು ಎಣ್ಣೆಯ ಬಾವಿಗಳಿಗೂ ದಾರಿದೀಪವಾಯಿತು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದಲ್ಲಿರುವ ಗ್ರೋಸ್ಮಾಂಟ್ ಎಂಬ ಶಿಲಾಪದರವನ್ನು ನೋಡಿರಿ. ಅದರ ತುಂಬ ಬಿರುಕುಗಳು. ಬಂಡೆಯ ಸಣ್ಣ ರಂಧ್ರಗಳಲ್ಲಿ ಕಾಕಂಬಿಗಿಂತಲೂ ಗಟ್ಟಿಯಾದ ಎಣ್ಣೆ. ಇಂಥ ಎಣ್ಣೆಯನ್ನು ತೆಳುಮಾಡಲು ಪ್ರೋಪೇನ್, ಬ್ಯೂಟೇನ್ ಮೊದಲಾದ ದ್ರಾವಕಗಳನ್ನು ಕೆಳಗೆ ಕಳಿಸುವುದುಂಟು. ದ್ರಾವಕವು ಬಿರುಕಿನಲ್ಲಿ ಬೇಗನೆ ಓಡಿಹೋಗುತ್ತದೆ. ಬಂಡೆಯೊಳಕ್ಕೆ ಮಾತ್ರ ಮೆಲ್ಲಮೆಲ್ಲನೆ ಇಳಿಯುತ್ತದೆ. ಅಲ್ಲಿ ತೆಳುವಾದ ಎಣ್ಣೆಯು ತನ್ನ ಭಾರದಿಂದಲೇ ಬಿರುಕಿಗೆ ಜಾರಿ, ಬಾವಿಯನ್ನು ಸೇರಬೇಕು. ಅವಸರಪಟ್ಟರೆ ದ್ರಾವಕ ವ್ಯರ್ಥ, ಎಣ್ಣೆ ಬಂಡೆಯಲ್ಲಿಯೇ ಉಳಿಯಿತು. ಎಷ್ಟು ಎಣ್ಣೆ, ಎಷ್ಟು ಕಾಲದಲ್ಲಿ ಬರುತ್ತದೆಂಬ ಲೆಕ್ಕಕ್ಕೆ ಇಂದಿಗೂ ಆಧಾರ ಡಾರ್ಸಿಯ ನಿಯಮವೇ. ಬಂಡೆಯು ದ್ರವಕ್ಕೆ ಎಷ್ಟು ದಾರಿ ಕೊಡುತ್ತದೆಂಬುದನ್ನು ಅಳೆಯುವ ಮಾನಕ್ಕೂ ಡಾರ್ಸಿ ಎಂದೇ ಹೆಸರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲಿಗ. ಶುಲ್ಕ ಕಟ್ಟುವ ದಿನ ಬಂದಾಗಲೆಲ್ಲ ನಮ್ಮ ತಾಯಿಯೂ ಕೈಸಾಲಕ್ಕಾಗಿ ನಾಲ್ಕು ಮನೆಯ ಬಾಗಿಲಿಗೆ ಹೋಗಿದ್ದಾಳೆ. ಆದುದರಿಂದ ಡಾರ್ಸಿಯ ನಿಯಮಕ್ಕಿಂತ ಅವನು ಮರಳಿ ಬಂದ ದಾರಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ತಾಯಿಯ ಸಾಲವನ್ನು ಅವನು ಇಡೀ ಊರಿಗೆ ನೀರು ತಂದು ತೀರಿಸಿದನು. ಈ ವರ್ಷ ಪದವಿ ಪಡೆದು ಹೊರಡುವ ನಾವು ನಮ್ಮ ಊರುಗಳಿಗೆ ಏನನ್ನು ತೆಗೆದುಕೊಂಡು ಹೋಗುತ್ತೇವೆ?