ಮ್ಯಾಜಿಸ್ಟ್ರೇಟರ ಮಗ ಸೇರಿದ ಪಾಠಶಾಲೆ

ಜಗದೀಶ್ ಚಂದ್ರ ಬೋಸ್ ಅಂದ್ರೆ ನಮಗೆಲ್ಲ ಗಿಡಗಳೂ ಸ್ಪಂದಿಸುತ್ತವೆ ಅಂತ ತೋರಿಸಿದ ವಿಜ್ಞಾನಿ. ಇಸಿ ಬ್ರಾಂಚಿನವರಿಗೆ ಮೈಕ್ರೋವೇವ್ ಕ್ಲಾಸಿನಲ್ಲಿ ಒಮ್ಮೆ ಕೇಳಿ ಮರೆತ ಹೆಸರು. ನಾವಿಲ್ಲಿ ಹೇಳೋದು ಅದಕ್ಕೂ ಹಿಂದಿನ ಕತೆ: ಅವರನ್ನು ಮೊಟ್ಟಮೊದಲು ಯಾವ ಶಾಲೆಗೆ ಹಾಕಿದರು ಅನ್ನೋದು.

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು. ತಂದೆ ಭಗವಾನ್ ಚಂದ್ರ ಬೋಸ್ ಈಗಿನ ಬಾಂಗ್ಲಾದೇಶದಲ್ಲಿರುವ ಫರೀದ್‌ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅಂಥ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗೋದು ಆಗ ಪ್ರತಿಷ್ಠೆಯ ಮಾತು. (ಈಗೇನು ಕಮ್ಮಿಯೇ!) ಆದರೆ ಭಗವಾನ್ ಚಂದ್ರರು ಮಗನನ್ನು ಬಂಗಾಳಿ ಪಾಠಶಾಲೆಗೆ ಕಳಿಸಿದರು. ಮೊದಲು ತನ್ನ ಭಾಷೆ ಬರಲಿ, ತನ್ನ ಜನ ಯಾರು ಅಂತ ಗೊತ್ತಾಗಲಿ, ಇಂಗ್ಲಿಷ್ ಆಮೇಲೆ ಕಲಿತರಾಯ್ತು ಅನ್ನೋದು ಅವರ ಲೆಕ್ಕ.

ಪಾಠಶಾಲೆಯಲ್ಲಿ ಬೋಸ್ ಒಂದು ಪಕ್ಕ ತಂದೆಯ ಜವಾನನ ಮಗ, ಒಬ್ಬ ಮುಸ್ಲಿಂ ಹುಡುಗ. ಇನ್ನೊಂದು ಪಕ್ಕ ಬೆಸ್ತರ ಹುಡುಗ. ಹಕ್ಕಿ, ಪ್ರಾಣಿ, ನೀರೊಳಗಿನ ಜೀವಿಗಳ ಕತೆಗಳನ್ನು ಅವರ ಬಾಯಲ್ಲಿ ಕೇಳಿ ಬಾಲಕ ಬೋಸ್ ಬೆರಗಾಗುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮೂವರೂ ಮನೆಗೆ ಬಂದರೆ ತಾಯಿ ಬಾಮಾಸುಂದರಿ ಭೇದ ಮಾಡದೆ ತಿನ್ನಲು ಕೊಡೋರು. ಆಕೆ ಹಳೇ ಸಂಪ್ರದಾಯದ ಹೆಂಗಸು ಅನ್ನೋದನ್ನು ನೆನಪಿಟ್ಟರೆ ಇದು ಸಣ್ಣ ಸಂಗತಿಯಲ್ಲ.

ಪುಟ್ಟ ಬೋಸ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು ಒಬ್ಬ ಮಾಜಿ ಡಕಾಯಿತ! ಅವನಿಗೆ ಜೈಲುಶಿಕ್ಷೆ ಕೊಟ್ಟದ್ದೇ ಭಗವಾನ್ ಚಂದ್ರರು. ಬಿಡುಗಡೆಯಾಗಿ ಬಂದು ಹೊಟ್ಟೆಪಾಡಿಗೆ ದಾರಿ ಕೇಳಿದಾಗ ಮನೆಯಲ್ಲೇ ಕೆಲಸ ಕೊಟ್ಟರು. ದಾರಿಯುದ್ದಕ್ಕೂ ಅವನು ಹೇಳುತ್ತಿದ್ದದ್ದು ತಾನು ಮಾಡಿದ ದರೋಡೆಗಳ ಕತೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಮಾತೃಭಾಷೆಯ ಭಾಷಣ ಆಗಿಬಿಡುತ್ತೆ. ತಂದೆಯ ನಿರ್ಧಾರಕ್ಕೆ ಬೆಲೆ ತೆತ್ತಿದ್ದು ಮಗ. 1869ರಲ್ಲಿ ಕಲ್ಕತ್ತೆಯ ಹೇರ್ ಸ್ಕೂಲು, ಅಲ್ಲಿಂದ ಸ್ವಲ್ಪ ದಿನಕ್ಕೇ ಸೇಂಟ್ ಝೇವಿಯರ್ಸ್. ಅಲ್ಲಿ ಸುತ್ತಮುತ್ತ ಇಂಗ್ಲಿಷ್ ಮಾತಾಡಿಯೇ ಬೆಳೆದ ಹುಡುಗರು. ಹಳ್ಳಿಯಿಂದ ಬಂದವನು ಅಂತ ಗೇಲಿ ಮಾಡಿದರು, ಹೊಡೆದಾಟಕ್ಕೂ ಕರೆದರು. ಹಾಸ್ಟೆಲಿನಲ್ಲಿ ಗೆಳೆಯರಿಲ್ಲದೆ ಪ್ರಾಣಿ ಸಾಕಿಕೊಂಡು ದಿನ ದೂಡಿದರು. ಕನ್ನಡ ಮಾಧ್ಯಮದಿಂದ ಬಂದು ಫಸ್ಟ್ ಸೆಮ್‌ನಲ್ಲಿ ಕೊನೇ ಬೆಂಚು ಹಿಡಿದ ನಮ್ಮಲ್ಲಿ ಎಷ್ಟೋ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಆಮೇಲೆ ಕಲಿತರಾಯ್ತು ಅನ್ನೋದು ಹೇಳುವಷ್ಟು ಸಲೀಸಲ್ಲ.

ಮುಂದೆ ಕೇಂಬ್ರಿಜ್‌ನಲ್ಲಿ ಓದಿ 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾದರು. ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಅಂತ ತಿಳಿದಾಗ ಮೂರು ವರ್ಷ ಸಂಬಳ ಮುಟ್ಟದೆ ಪಾಠ ಮಾಡಿದರು. ಮನೆಯಲ್ಲೇನೂ ಹಣ ಕೊಳೀತಿರಲಿಲ್ಲ. ಜನಕ್ಕೆ ಕಸುಬು ಕೊಡಿಸಲು ಉದ್ಯಮಗಳಿಗೆ ಕೈಹಾಕಿ ತಂದೆ ಸಾಲದಲ್ಲಿದ್ದರು. ಕೊನೆಗೆ ಸರ್ಕಾರ ಪೂರ್ತಿ ಬಾಕಿ ಕೊಟ್ಟಾಗ ಆ ದುಡ್ಡು ಹೋಗಿದ್ದು ಆ ಸಾಲಕ್ಕೇ.

ಇನ್ನು ಅವರ ಲ್ಯಾಬು. ಬಾತ್‌ರೂಮಿನ ಪಕ್ಕದ ಸಣ್ಣ ಕೋಣೆ, ಉಪಕರಣ ಮಾಡಿಕೊಡಲು ಊರಿನ ಒಬ್ಬ ತಗಡು ಕೆಲಸದವನು. ಅಷ್ಟರಲ್ಲೇ 5 ಮಿಲಿಮೀಟರಿನಷ್ಟು ಚಿಕ್ಕ ಅಲೆ, ಅಂದರೆ 60 ಗಿಗಾಹರ್ಟ್ಸ್, ಹುಟ್ಟಿಸಿದರು. ರೈಲ್ವೆ ಟೈಮ್‌ಟೇಬಲ್ ಪುಸ್ತಕದ ಹಾಳೆಗಳ ನಡುವೆ ತವರದ ತೆಳುಹಾಳೆ ಇಟ್ಟು ಪೋಲರೈಸರ್ ಮಾಡಿಕೊಂಡರು. ತಿರುಚಿದ ಸೆಣಬಿನ ಕಟ್ಟಿನಲ್ಲಿ ಅಲೆ ಹಾಯಿಸಿ ಪೋಲರೈಸೇಶನ್ ತಿರುಗೋದನ್ನು ತೋರಿಸಿದರು. ಇದೆಲ್ಲ ಪಾಠಶಾಲೆಯಿಂದಲೇ ಬಂತು ಅಂತ ನಾವು ಹೇಳಲ್ಲ. ಆದರೆ ತಗಡಿನವನ ಜೊತೆ ಕೂತು ಕೆಲಸ ಮಾಡೋದು ಅವರಿಗೆ ಹೊಸದಾಗಿರಲಿಲ್ಲ ಅನ್ನೋದಂತೂ ನಿಜ.

ಪ್ರಬಂಧಗಳನ್ನು ಇಂಗ್ಲಿಷಿನಲ್ಲೇ ಬರೆದರು, ಬಂಗಾಳಿ ಬಿಡಲಿಲ್ಲ. ಅಲೆಗಳ ಪ್ರಯೋಗ ಭರದಿಂದ ನಡೀತಿದ್ದ 1896ರಲ್ಲೇ ಕೇಶತೈಲದ ಕಂಪನಿಯೊಂದರ ಕಥಾಸ್ಪರ್ಧೆಗೆ ಬಂಗಾಳಿಯಲ್ಲಿ ಕತೆ ಬರೆದು ಬಹುಮಾನ ಗೆದ್ದರು. ಒಂದು ಬಾಟಲಿ ತಲೆಎಣ್ಣೆಯನ್ನು ಸಮುದ್ರಕ್ಕೆ ಸುರಿದು ಚಂಡಮಾರುತವನ್ನೇ ಅಡಗಿಸುವ ಕತೆ ಅದು!