28ಕ್ಕೆ ಪದವಿ ಪಡೆದ ಕೆಟರಿಂಗ್

ಡಿಪ್ಲೊಮಾದ ಎರಡು ವಿಷಯ ಬಾಕಿ ಇಟ್ಟುಕೊಂಡು ಗಂಗಾವತಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದೇನೆ. ಕಳೆದ ತಿಂಗಳು ಕುಷ್ಟಗಿಯಿಂದ ಹಳೆಯ ಪೆಟ್ರೋಲ್ ಅಂಬಾಸಿಡರ್ ಒಂದು ಬಂತು. ಅದರ ಡಿಸ್ಟ್ರಿಬ್ಯೂಟರಿನ ಸವೆದ ಪಾಯಿಂಟು, ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಕೂಡಿಸಿದೆವು. ಪಾಯಿಂಟನ್ನು ಗುಜರಿ ಡಬ್ಬಿಗೆ ಎಸೆಯಹೋದರೆ ಮೇಸ್ತ್ರಿ ಕೈ ಹಿಡಿದರು. ಅದು ಯಾರ ಕೈಚಳಕ ಎಂದು ಓದಿ ಬರಲು ಹೇಳಿದರು.

ಚಾರ್ಲ್ಸ್ ಕೆಟರಿಂಗ್ 1876ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ರೈತರ ಮನೆಯಲ್ಲಿ ಹುಟ್ಟಿದವರು. ಹಳ್ಳಿ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಕಾಲೇಜು ಸೇರಿದರು. ಕಣ್ಣು ಕೈಕೊಟ್ಟಿತು. ಓದು ಬಿಟ್ಟು ಟೆಲಿಫೋನ್ ತಂತಿ ಎಳೆಯುವ ತಂಡ ಸೇರಿದರು. ಮತ್ತೆ ಮರಳಿದಾಗ ಗೆಳೆಯರು ಪುಸ್ತಕ ಓದಿ ಹೇಳುತ್ತಿದ್ದರಂತೆ. 1904ರಲ್ಲಿ ಎಂಜಿನಿಯರಿಂಗ್ ಪದವಿ ಸಿಕ್ಕಾಗ 28 ತುಂಬುತ್ತಿತ್ತು. ನನಗೀಗ 24. ಯಲಬುರ್ಗಾದ ಮದುವೆಯೊಂದರಲ್ಲಿ ನೆಂಟರು ನನ್ನ ರಿಸಲ್ಟ್ ಕೇಳಿದ್ದು, ನಾನು ಊಟ ಬಿಟ್ಟು ಎದ್ದದ್ದು ನೆನಪಾಯಿತು.

ಡೇಟನ್ ಊರಿನ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಅವರಿಗೆ ನೌಕರಿ. ಗಲ್ಲಾಪೆಟ್ಟಿಗೆಗೆ ಪುಟ್ಟ ಮೋಟರು ಕೂಡಿಸಿದರು. ಸಂಜೆಯಾದರೆ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಾರಿನ ಕೆಲಸ. ಅಲ್ಲಿ ಹುಟ್ಟಿದ ಇಗ್ನಿಷನ್ ಅನ್ನು ಕ್ಯಾಡಿಲ್ಯಾಕ್ 1910ರಲ್ಲಿ ಒಪ್ಪಿಕೊಂಡಿತು. ಪಾಯಿಂಟು ತೆರೆದೊಡನೆ ಕಾಯಿಲಿನ ವಿದ್ಯುತ್ತು ತಟ್ಟನೆ ನಿಲ್ಲುತ್ತದೆ. ಆ ನಿಲ್ಲುವಿಕೆಯೇ ಸಾವಿರಾರು ವೋಲ್ಟಿನ ಕಿಡಿಯಾಗಿ ಪ್ಲಗ್ಗಿಗೆ ಹೋಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟು 6000 ಸಲ ತೆರೆಯಬೇಕು. ಸವೆಯದೆ ಇದ್ದೀತೇ? ಹೊಸ ಕಿಟ್‌ನಲ್ಲಿ ಈ ಕೆಲಸ ಅಯಸ್ಕಾಂತ, ಸೆನ್ಸರಿನದು, ಉಜ್ಜುವುದೇ ಇಲ್ಲ.

ಹ್ಯಾಂಡಲ್ ತಿರುಗಿಸುವಾಗ ಎಂಜಿನ್ ಹಿಂದಕ್ಕೆ ಒದ್ದು ಜನರ ಕೈ ಮುರಿಯುತ್ತಿದ್ದ ಕಾಲವದು. ಸಣ್ಣ ಮೋಟರಿನಿಂದ ಕ್ಷಣಕಾಲ ಭಾರಿ ಶಕ್ತಿ ಪಡೆಯುವ ಗಲ್ಲಾಪೆಟ್ಟಿಗೆಯ ಉಪಾಯವೇ 1912ರ ಕ್ಯಾಡಿಲ್ಯಾಕ್‌ನಲ್ಲಿ ಸೆಲ್ಫ್ ಸ್ಟಾರ್ಟರ್ ಆಯಿತು.

ಮುಂದಿನದು ಓದಿ ಬೇಸರವಾಯಿತು. ಜನರಲ್ ಮೋಟಾರ್ಸ್‌ನಲ್ಲಿ ಅವರ ಕೈಕೆಳಗೆ ಥಾಮಸ್ ಮಿಜ್ಲಿ 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದರು. ಎಂಜಿನ್ನಿನ ಬಡಿತ ನಿಂತಿತು, ವಿಷ ಮಾತ್ರ ದಶಕಗಟ್ಟಲೆ ಮಕ್ಕಳ ರಕ್ತ ಸೇರಿತು. ಭಾರತದಲ್ಲಿ ಅದು ಪೂರ್ತಿ ನಿಂತದ್ದು 2000ರಲ್ಲಿ. ಕೆಟರಿಂಗ್ ಆ ಪೆಟ್ರೋಲಿನ ಪರವಾಗಿಯೇ ಇದ್ದರು. ಇದನ್ನು ನಾನು ಮೇಸ್ತ್ರಿಗೆ ಹೇಳದೆ ಬಿಡಲಿಲ್ಲ.

ಕೆಟರಿಂಗ್ 1958ರಲ್ಲಿ ತೀರಿಕೊಂಡರು.

ಅಂಬಾಸಿಡರ್ ಮೊದಲ ಸೆಲ್ಫಿಗೇ ಹತ್ತಿತು. ಪಾಯಿಂಟು, ಕಂಡೆನ್ಸರ್‌ಗಳನ್ನು ಎಣ್ಣೆ ಒರೆಸಿ, ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನಲ್ಲಿಟ್ಟೆ. ಕುಷ್ಟಗಿ ದಾರಿಯಲ್ಲಿ ಕಿಟ್ ಕೆಟ್ಟರೆ, ಒಂದು ಸ್ಕ್ರೂಡ್ರೈವರಿನಿಂದ ಮತ್ತೆ ಕೂಡಿಸಬಹುದು.