ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಸಂಕ್ಷಿಪ್ತ ಜೀವನ ಚರಿತ್ರೆ

ಕರ್ನಾಟಕದಲ್ಲಿ ಆಗಿಹೋದ ಶಿವಯೋಗಿಗಳಲ್ಲಿ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳ ಹೆಸರು ಕೇಳದವರು ಕಡಿಮೆ. ಆದರೆ ಇಂಥ ಮಹಾತ್ಮರು ಹರೆಯದಲ್ಲಿ ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಬಂದವರು ಎಂಬ ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಬೆಟ್ಟ ಹತ್ತಿ ಬರುವ ಭಕ್ತಾದಿಗಳು, ಅದರಲ್ಲೂ ತಂದೆತಾಯಿಯ ಜೊತೆ ಬರುವ ಹುಡುಗ ಹುಡುಗಿಯರು ಇದನ್ನು ತಿಳಿದುಕೊಳ್ಳಬೇಕು.

ಶ್ರೀಗಳು 1867ರಲ್ಲಿ ಈಗಿನ ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದರು. ತಂದೆ ಬಸವಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಹಾಲಯ್ಯ. ಜಂಗಮರ ಮನೆ, ಬಡತನ ಅಂದರೆ ಹೇಳತೀರದ್ದು. ಹಾಲಯ್ಯ ಜೋಳಿಗೆ ಹಿಡಿದು ಕೋರಾನ್ನ ಭಿಕ್ಷೆ ಮಾಡಿ, ಅದರಲ್ಲೇ ಹೊಟ್ಟೆ ಹೊರೆದು ಅಕ್ಷರ ಕಲಿತರು.

ಆ ಕಾಲದಲ್ಲಿ ಆ ಭಾಗದಲ್ಲಿ ಮುಲ್ಕಿ ಪರೀಕ್ಷೆ ಎಂದರೆ ದೊಡ್ಡದು. ಅದು ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆಯೋ, ಕಚೇರಿಯಲ್ಲಿ ನೌಕರಿಯೋ ಸಿಗುತ್ತಿತ್ತು. ಹಾಲಯ್ಯನವರು ಧಾರವಾಡಕ್ಕೆ ಹೋಗಿ ಆ ಪರೀಕ್ಷೆಗೆ ಕೂತರು. ಪಾಸಾಗಲಿಲ್ಲ. ಭಿಕ್ಷೆ ಬೇಡಿ ಓದಿದ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ. ನೌಕರಿಯ ದಾರಿ ಅಲ್ಲಿಗೇ ಮುಚ್ಚಿಹೋಯಿತು.

ಆದರೆ ಅವರು ಸುಮ್ಮನೆ ಕೂರಲಿಲ್ಲ. ತಾಯಿಯ ಕಡೆಯ ಊರಾದ ಲಿಂಗದಹಳ್ಳಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಅಕ್ಷರ ಹೇಳಿಕೊಡತೊಡಗಿದರು. ಸರಕಾರದ ಸರ್ಟಿಫಿಕೇಟು ಇಲ್ಲದಿದ್ದರೂ ಕಲಿತ ವಿದ್ಯೆ ಕೈಯಲ್ಲಿತ್ತಲ್ಲ, ಅದನ್ನು ಹಂಚಿದರು. ಹಗಲು ಪಾಠ, ಉಳಿದ ಹೊತ್ತು ನಿಜಗುಣ ಶಿವಯೋಗಿಗಳ ಶಾಸ್ತ್ರಗಳ ಓದು. ಓದುತ್ತ ಓದುತ್ತ ತಾವು ಹುಟ್ಟಿದ್ದು ನೌಕರಿಗಲ್ಲ ಎಂಬುದು ಅವರ ಮನಸ್ಸಿಗೆ ಗಟ್ಟಿಯಾಯಿತು. ಕೂಡಿಸಿಟ್ಟ ಹಣವನ್ನು ತಾಯಿಯ ಕೈಗೆ ಒಪ್ಪಿಸಿ, ಅಪ್ಪಣೆ ಪಡೆದು ಮನೆ ಬಿಟ್ಟರು ಎಂದು ಭಕ್ತರು ಹೇಳುತ್ತಾ ಬಂದಿದ್ದಾರೆ. ಬಡ ತಾಯಿಗೆ ಮಗನನ್ನು ಕಳಿಸಿಕೊಡುವುದು ಎಷ್ಟು ಕಷ್ಟ ಎಂಬುದನ್ನು ತಾಯಂದಿರೇ ಬಲ್ಲರು. ಈ ಚರಿತ್ರೆ ಓದುವಾಗ ನೀಲಮ್ಮನವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಮುಂದೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಬಳಿ ಕೆಲಕಾಲ ವೇದಾಂತ ಕೇಳಿದರು. ಆಮೇಲೆ ಎಳಂದೂರು ಬಸವಲಿಂಗ ಸ್ವಾಮಿಗಳನ್ನು ಗುರುಗಳಾಗಿ ಪಡೆದರು. ಗುರುಗಳ ಜೊತೆ, ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದ ಶಂಭುಲಿಂಗನ ಬೆಟ್ಟದಲ್ಲಿದ್ದು ಅಧ್ಯಯನ, ಲಿಂಗಪೂಜೆ, ಯೋಗ ಸಾಧನೆ ಮಾಡಿದರು. ಪುಸ್ತಕದಲ್ಲಿ ಓದಿದ್ದು ಬೆಟ್ಟದ ಮೇಲೆ ಅನುಭವಕ್ಕೆ ಬಂತು. ನಂತರ ಹಾನಗಲ್ಲ ವಿರಕ್ತಮಠದ ಪೀಠಕ್ಕೆ ಬಂದರು.

ಪೀಠ ಸಿಕ್ಕಿತೆಂದು ಗದ್ದುಗೆ ಮೇಲೆ ಕೂತವರಲ್ಲ. ಓದಿನ ಕಷ್ಟ ಉಂಡವರಾದ್ದರಿಂದ ಎಲ್ಲಿ ಹೋದರೂ ಪಾಠಶಾಲೆ, ಪ್ರಸಾದ ನಿಲಯ ಎನ್ನುತ್ತಿದ್ದರು. 1904ರಲ್ಲಿ ಅವರ ಪ್ರಯತ್ನದಿಂದ ವೀರಶೈವ ಮಹಾಸಭೆ ಹುಟ್ಟಿತು. ಧಾರವಾಡದಲ್ಲಿ ನಡೆದ ಮೊದಲ ಅಧಿವೇಶನಕ್ಕೆ ತ್ಯಾಗವೀರ ಶಿರಸಂಗಿ ಲಿಂಗರಾಜರು ಅಧ್ಯಕ್ಷರು. ಯಾವ ಧಾರವಾಡದಿಂದ ಹಾಲಯ್ಯ ಫೇಲಾಗಿ ಬರಿಗೈಲಿ ಹಿಂದಿರುಗಿದ್ದರೋ ಅದೇ ಧಾರವಾಡದಲ್ಲಿ, ಮೂವತ್ತೇಳರ ವಯಸ್ಸಿಗೆ, ಸಮಾಜವನ್ನೇ ಒಂದು ಕಡೆ ಸೇರಿಸಿದರು.

1909ರಲ್ಲಿ ಬಾದಾಮಿ ಬಳಿ ಮಲಪ್ರಭಾ ನದಿ ದಂಡೆಯಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ವಿದ್ಯೆ, ಯೋಗ, ಸಂಗೀತದ ಶಿಕ್ಷಣ, ಗೋಶಾಲೆ, ಶುದ್ಧ ವಿಭೂತಿ ತಯಾರಿಕೆ, ತಾಡೋಲೆ ಗ್ರಂಥಗಳ ಸಂಗ್ರಹ ಎಲ್ಲವೂ ನಡೆದವು. ಅಲ್ಲಿ ಕಲಿತವರು ನಾಡಿನ ಎಷ್ಟೋ ಮಠಗಳಿಗೆ ಸ್ವಾಮಿಗಳಾದರು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣು ಕಾಣದ ಇಬ್ಬರು ಅಣ್ಣತಮ್ಮಂದಿರ ಹಾಡು ಕೇಳಿ, ಅವರನ್ನು ಶ್ರೀಗಳು ಮಠಕ್ಕೆ ಕರೆತಂದು ಸಂಗೀತ ಕಲಿಸಿದ್ದು ಇನ್ನೊಂದು ದೊಡ್ಡ ಕಾರ್ಯ. ಆ ತಮ್ಮನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯರು ಗದಗಿನ ಪುಟ್ಟರಾಜ ಗವಾಯಿಗಳು. ಕುರುಡು ಮಕ್ಕಳು ಇನ್ನೇನು ಮಾಡಿಯಾರು ಎಂದು ಜನ ಕೈಬಿಡುತ್ತಿದ್ದ ಕಾಲದಲ್ಲಿ ಶ್ರೀಗಳು ಅವರೊಳಗಿನ ನಾದವನ್ನು ಗುರುತಿಸಿದರು.

ಶ್ರೀಗಳು 1930ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆ ಶಿವಯೋಗ ಮಂದಿರದಲ್ಲಿದೆ.

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಎಷ್ಟೋ ಕುಟುಂಬಗಳು ಮಕ್ಕಳ ಹೆಸರಿನಲ್ಲಿ ಅರ್ಚನೆ ಮಾಡಿಸಲು ಬೆಟ್ಟಕ್ಕೆ ಬರುತ್ತವೆ. ಒಬ್ಬನಿಗೆ ಸಬ್ಜೆಕ್ಟು ಉಳಿದಿರುತ್ತದೆ, ಒಬ್ಬಳಿಗೆ ಕೆಲಸ ಹೋಗಿರುತ್ತದೆ. ಇಪ್ಪತ್ತೈದಕ್ಕೇ ಬದುಕು ಮುಗಿಯಿತು ಎಂದು ಮಕ್ಕಳು ತಲೆ ತಗ್ಗಿಸುತ್ತಾರೆ, ಹೆತ್ತವರು ನೆಂಟರಿಗೆ ಹೆದರುತ್ತಾರೆ. ಅಂಥವರು ಹಾಲಯ್ಯನವರನ್ನು ನೆನೆಯಬೇಕು. ಎಲ್ಲರೂ ಸನ್ಯಾಸಿಗಳಾಗಬೇಕಿಲ್ಲ. ಪರೀಕ್ಷೆ ಹೋದ ಮೇಲೂ ಅವರು ಓದು ಬಿಡಲಿಲ್ಲ, ತಮಗೆ ಬಂದಷ್ಟನ್ನು ನಾಲ್ಕು ಮಕ್ಕಳಿಗೆ ಹೇಳಿಕೊಟ್ಟರು, ಗುರುವನ್ನು ಹುಡುಕಿಕೊಂಡು ಹೋದರು. ಇಷ್ಟು ಯಾರಿಂದಲಾದರೂ ಸಾಧ್ಯ.

ಶ್ರೀಗಳ ಕೃಪೆ ಸಕಲ ಭಕ್ತಾದಿಗಳ ಮೇಲಿರಲಿ. ಸರ್ವರಿಗೂ ಮಂಗಳವಾಗಲಿ.